ಕಡಿದ ತಂತಿಗೆ ಗಂಟಿಲ್ಲ

ವಡಗಾವಿ, ಬೆಳಗಾವಿ
೧೨ ಜೂನ್ ೧೯೮೩

ತಮ್ಮಣ್ಣ ಕಾಕಾ ಅವರಿಗೆ ನಸೀಬಾಳ ಸಲಾಮುಗಳು.

ನಿಮ್ಮ ಕಂಪನಿಯ ವಿಮಾನದ ಬ್ರೇಕುಗಳು ನಿನ್ನೆ ಹೊರಟವು. ನಮ್ಮ ದುರಸ್ತಿ ಶಾಪಿನ ಚನ್ನಬಸಯ್ಯ ಸಾಹುಕಾರರು ತಾವೇ ನಿಂತು ಪೆಟ್ಟಿಗೆಗಳನ್ನು ಲಾರಿಗೆ ಏರಿಸಿದರು. ಲಾರಿ ಉದ್ಯಮಬಾಗದ ತಿರುವು ದಾಟುವವರೆಗೆ, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ನೋಡುತ್ತ ನಿಂತಿದ್ದರು. ಮುಂಬಯಿಯಿಂದ ಬಹರೇನಿಗೆ ವಿಮಾನದಲ್ಲೇ ಬರುತ್ತವಂತೆ. ನಾನು ಇನ್ನೂ ವಿಮಾನ ಹತ್ತಿಲ್ಲ, ನಾನು ಕಟ್ಟಿದ ಬ್ರೇಕು ಹತ್ತಿತು.

ನೀವು ಶಾಪು ಬಿಟ್ಟು ಅಲ್ಲಿಗೆ ಹೋದ ಮೇಲೆ ತಪಾಸಣೆಯ ಕುರ್ಚಿಯಲ್ಲಿ ನಮ್ಮ ಓಣಿಯ ಗನಿ ಭಾಯಿ ಕೂಡುತ್ತಾರೆ. ನಾನು ಬ್ರೇಕು ಕೂಡಿಸಿ, ಬೋಲ್ಟಿನ ತಲೆಗಳಿಗೆ ತಂತಿ ಹೊಸೆದು ಕಟ್ಟುತ್ತೇನೆ. ಅವರು ನೋಡಿ, ತಂತಿಯ ತುದಿಗೆ ಸೀಸದ ಮುದ್ರೆ ಒತ್ತುತ್ತಾರೆ. ಕಟ್ಟಿದವರು ನೋಡಬಾರದು, ನೋಡುವವರು ಕಟ್ಟಬಾರದು ಎಂದು ನೀವು ದಿನಕ್ಕೊಮ್ಮೆ ಗದರುತ್ತಿದ್ದದ್ದು ಇಲ್ಲಿ ಯಾರೂ ಮರೆತಿಲ್ಲ.

ಮುಖ್ಯ ಮಾತು ಈಗ. ಈ ಬ್ರೇಕುಗಳು ನಿಮ್ಮಲ್ಲಿ ಪಾಸಾದರೆ ವಿಲಾಯತಿಯ ವಿಮಾನ ಇಲಾಖೆಯ ಸಾಹೇಬರು ನಮ್ಮ ಶಾಪು ನೋಡಲು ಬರುತ್ತಾರೆ. ಅವರು ಒಪ್ಪಿದರೆ ಹೊರದೇಶದ ಕೆಲಸ ಕಾಯಂ. ಆಗ ತಪಾಸಣೆಗೆ ಇನ್ನೊಬ್ಬರು ಬೇಕು. ಮುದ್ರೆ ಒತ್ತುವ ಆ ಶಿಕ್ಕಾ ನನಗೆ ಕೊಡುವುದಾಗಿ ಸಾಹುಕಾರರು ಎಲ್ಲರೆದುರು ಹೇಳಿದ್ದಾರೆ. ನನ್ನದೇ ನಂಬರಿನ ಶಿಕ್ಕಾ, ಕಾಕಾ. ರಾತ್ರಿ ನಿದ್ದೆಯಲ್ಲೂ ಏನೇನಕ್ಕೋ ಒತ್ತುತ್ತಿರುತ್ತೇನೆ.

ಅಬ್ಬಾಗೆ ಹೇಳಿದರೆ ಮಗ್ಗದಿಂದ ತಲೆ ಎತ್ತದೆ, "ಡಿಪ್ಲೊಮಾ ಕಲ್ತು ಕಡೀಕ ತಂತಿ ಹೊಸ್ಯೂದ ಬಂತಲ್ಲ ನಿನಗ. ನನ್ನ ಬಾಜೂಕ ಕುಂತಿದ್ರ ಸಣ್ಣಾಕಿ ಇದ್ದಾಗನ ಕಲೀತಿದ್ದಿ" ಅಂದರು. ಆದರೆ ಸಂಜೆ ಓಣಿಯಲ್ಲಿ ಕಂಡವರಿಗೆಲ್ಲ ಮಗಳಿಗೆ ಸರ್ಕಾರಿ ಶಿಕ್ಕಾ ಬರುತ್ತದೆ ಎಂದು ಹೇಳಿ ಬಂದಿದ್ದಾರೆ. ಸರ್ಕಾರಿ ಅಲ್ಲ ಎಂದು ತಿದ್ದಲು ನಾನು ಹೋಗಲಿಲ್ಲ.

ಒಂದು ಅನುಮಾನ. ದೆಹಲಿಯ ಇಲಾಖೆ ಒಪ್ಪಿದ ಶಾಪು ನಮ್ಮದು. ನಮ್ಮ ಬಿಡುಗಡೆ ಚೀಟಿ ಇಲ್ಲಿನ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ನಡೆಯುತ್ತದೆ, ಮುಂಬಯಿಯಲ್ಲಿ ನಡೆಯುತ್ತದೆ. ಸಮುದ್ರ ದಾಟಿದ ಕೂಡಲೇ ಯಾಕೆ ನಡೆಯುವುದಿಲ್ಲ? ಬೋಲ್ಟು ಅದೇ, ತಂತಿ ಅದೇ, ಕಟ್ಟಿದವಳೂ ಅದೇ ನಸೀಬಾ.

ನಿಮ್ಮ ವಿದ್ಯಾರ್ಥಿನಿ,
ನಸೀಬಾ


ಬಹರೇನ್
೩ ಜುಲೈ ೧೯೮೩

ಚಿ. ನಸೀಬಾಳಿಗೆ ತಮ್ಮಣ್ಣನ ಆಶೀರ್ವಾದಗಳು.

ಕಾಗದ ಬಂತು. ಪೆಟ್ಟಿಗೆ ಇನ್ನೂ ಬಂದಿಲ್ಲ. ಕಾಗದ ಪೆಟ್ಟಿಗೆಗಿಂತ ಮೊದಲು ಬಂದದ್ದರಿಂದ ಅದರಲ್ಲಿ ಎಷ್ಟು ಹೊಗಳಿಕೆ ಇದ್ದರೂ ನಾನು ಓದಿ ಬದಿಗಿಟ್ಟಿದ್ದೇನೆ.

ನಿನ್ನ ಅನುಮಾನಕ್ಕೆ ಬರುತ್ತೇನೆ. ನಿನ್ನ ಅಮ್ಮಿ ಹಾಲು ಕೊಳ್ಳುವಾಗ ಹಾಲಿನವಳನ್ನು ನೋಡುತ್ತಾಳೆ, ಅವಳ ಎಮ್ಮೆಯನ್ನೂ ಬಲ್ಲಳು. ನೀರು ಬೆರೆಸಿದರೆ ಮರುದಿನ ಓಣಿಯಲ್ಲೇ ಹಿಡಿದು ಕೇಳುತ್ತಾಳೆ. ವಿಮಾನದಲ್ಲಿ ಕೂಡುವವನಿಗೆ ಆ ಅನುಕೂಲವಿಲ್ಲ. ಅವನಿಗೆ ನಾನೂ ಗೊತ್ತಿಲ್ಲ, ನೀನೂ ಗೊತ್ತಿಲ್ಲ, ಬೆಳಗಾವಿ ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿಲ್ಲ. ನಮಗೂ ಅವನಿಗೂ ನಡುವೆ ಇರುವುದು ಆ ಬಿಡುಗಡೆ ಚೀಟಿ ಒಂದೇ. ಇಂಥವರು ಬಿಚ್ಚಿದರು, ಇಂಥವರು ಕಟ್ಟಿದರು, ಇಂಥವರು ನೋಡಿದರು, ನಿಯಮದಂತೆ ಇದೆ, ಹಾರಲು ಬಿಟ್ಟಿದ್ದೇವೆ ಎಂದು ಅದು ಹೇಳುತ್ತದೆ. ಆ ಮಾತನ್ನು ನಂಬಬೇಕಾದರೆ ಯಾರಾದರೊಬ್ಬರು ಶಾಪಿಗೆ ಬಂದು ನಮ್ಮ ಕೈ ನೋಡಿರಬೇಕು. ದೆಹಲಿಯವರು ಬಂದು ನೋಡಿದ್ದಾರೆ. ವಿಲಾಯತಿಯವರು ನೋಡಿಲ್ಲ. ನಮ್ಮ ಕಂಪನಿಯ ವಿಮಾನಗಳು ವಿಲಾಯತಿಯಲ್ಲಿ ನೋಂದಣಿಯಾದವು, ಆದ್ದರಿಂದ ಅವರು ಒಪ್ಪದ ಚೀಟಿ ಇಲ್ಲಿ ನಡೆಯುವುದಿಲ್ಲ. ಇದರಲ್ಲಿ ಅವಮಾನ ಏನೂ ಇಲ್ಲ. ನೋಡದೆ ಹೆಣ್ಣು ಕೊಡುವವರೂ ಇಲ್ಲ, ತರುವವರೂ ಇಲ್ಲ.

ಈ ಸಲದ ಬ್ರೇಕುಗಳು ಪರೀಕ್ಷೆಗೆ ಮಾತ್ರ. ನನ್ನ ಮಾತಿನ ಮೇಲೆ ಕಂಪನಿಯವರು ತರಿಸಿಕೊಂಡಿದ್ದಾರೆ. ಹಾಗೆಂದು ನಾನು ಮುಲಾಜು ನೋಡುತ್ತೇನೆ ಎಂದುಕೊಳ್ಳಬೇಡ. ಉಳಿದವರದನ್ನು ಒಮ್ಮೆ ನೋಡಿದರೆ ನಿಮ್ಮದನ್ನು ಎರಡು ಸಲ ನೋಡುತ್ತೇನೆ.

ಶಿಕ್ಕಾ ಬರುತ್ತದೆ. ತಾಳಿದವನು ಬಾಳಿಯಾನು. ಕನಸಿನಲ್ಲಿ ಒತ್ತುವಾಗ ಏನಕ್ಕೆ ಒತ್ತುತ್ತಿದ್ದೀ ಎಂದು ಮಾತ್ರ ನೋಡಿ ಒತ್ತು.

ಇಲ್ಲಿ ಬಿಸಿಲು ವಿಪರೀತ. ಕಣ್ಣಿಗೆ ಹೊಸ ಚಾಳೀಸು ಮಾಡಿಸಿದ್ದೇನೆ. ನಿಮ್ಮ ಗೌರವ್ವ ಕಾಕು ಸೀರೆ ಕೊಳ್ಳಲು ಖಾನಾಪುರದಿಂದ ನಿಮ್ಮ ಓಣಿಗೆ ಬಂದರೆ ನಾನು ಆರಾಮ ಇದ್ದೇನೆಂದು ಹೇಳು.

ತಮ್ಮಣ್ಣ


ಬಹರೇನ್
೨೮ ಜುಲೈ ೧೯೮೩

ನಸೀಬಾ,

ಪೆಟ್ಟಿಗೆಗಳು ಬಂದವು. ಎಲ್ಲವನ್ನೂ ನಾನೇ ನೋಡಿದೆ. ಒಂದು ಬ್ರೇಕಿಗೆ ನಾಪಾಸಿನ ಕೆಂಪು ಚೀಟಿ ಕಟ್ಟಿ ಬೀಗದ ಕೋಣೆಯಲ್ಲಿ ಇರಿಸಿದ್ದೇನೆ.

ತಪ್ಪು ಏನು ಎಂಬುದನ್ನು ನಿನಗೆ ಬರೆಯುವುದಿಲ್ಲ. ಶಾಪಿಗೆ ವರದಿ ಬರುತ್ತದೆ. ವಿಲಾಯತಿಗೂ ಒಂದು ಪ್ರತಿ ಹೋಗಿದೆ. ಕೇಳಿದ್ದಕ್ಕೆ ಎಲ್ಲರೂ ಇದ್ದದ್ದನ್ನು ಇದ್ದ ಹಾಗೆ ಹೇಳಿರಿ.

ತಮ್ಮಣ್ಣ


ವಡಗಾವಿ, ಬೆಳಗಾವಿ
೨೦ ಆಗಸ್ಟ್ ೧೯೮೩

ತಮ್ಮಣ್ಣ ಕಾಕಾ ಅವರಿಗೆ,

ವರದಿ ಬಂತು. ನಿಮಗೆ ಸಮಾಧಾನವಾಗಿರಬಹುದು.

ಕೆಂಪು ಚೀಟಿ ಕಟ್ಟಿದ್ದು ನನ್ನ ಬ್ರೇಕಿಗೆ. ಎರಡು ಬೋಲ್ಟುಗಳ ನಡುವಿನ ತಂತಿಯಲ್ಲಿ ಕೂಡಿಸಿದ ಜಾಗ ಇದೆ ಎಂದು ಬರೆದಿದ್ದೀರಿ. ಖರೇ ಇದೆ. ಹೊಸೆಯುವಾಗ ತಂತಿ ಕಡಿದಿತ್ತು. ತುದಿಗೆ ತುದಿ ಕೂಡಿಸಿ, ಹೊಸೆದು, ಬಾಲವನ್ನು ಒಳಗೆ ಮಡಚಿ ಮುಂದೆ ಕಟ್ಟಿದ್ದೇನೆ. ಯಾರು ಯಾವುದನ್ನು ಕಟ್ಟಿದರು ಎಂಬುದು ಕೆಲಸದ ಕಾರ್ಡಿನಲ್ಲೇ ಇರುವುದರಿಂದ ಹುಡುಕುವ ತೊಂದರೆಯೂ ಯಾರಿಗೂ ಆಗಲಿಲ್ಲ. ಸಾಹುಕಾರರು ಎಲ್ಲರನ್ನೂ ಕರೆದು ನಿಲ್ಲಿಸಿ ಕೇಳಿದರು.

"ಇದು ನಿಂದ ಏನವಾ ನಸೀಬಾ?"

"ನಂದ ರೀ."

"ತಂತಿ ತೀರಿತ್ತೇನು?"

"ಇಲ್ರೀ, ಡಬ್ಬಿ ತುಂಬ ಇತ್ತು."

"ಮತ್ತ ಹೊಸಾದ ತಗೋಳೂದ ಬಿಟ್ಟ ಯಾಕ ಕೂಡಿಸಿದಿ?"

"ಗೊತ್ತಿಲ್ರಿ."

ಅದೇ ಕೆಟ್ಟದ್ದಾಯಿತು. ಸುಳ್ಳು ಹೇಳಿದ್ದರೆ ಸಾಹುಕಾರರು ಬೈದು ಬಿಡುತ್ತಿದ್ದರೋ ಏನೋ. ಗೊತ್ತಿಲ್ಲ ಅಂದದ್ದಕ್ಕೆ ಅವರ ಮುಖ ಬಿಳುಪಾಯಿತು. ಗೊತ್ತಿಲ್ಲದೆ ಮಾಡಿದ್ದನ್ನು ಮತ್ತೆ ಮಾಡುವುದಿಲ್ಲ ಎಂದು ಯಾರು ಹೇಳಬೇಕು? ವಿಲಾಯತಿಯ ಸಾಹೇಬರು ಬರುವುದು ನಿಂತಿತು. ನನ್ನ ಶಿಕ್ಕಾ ನಿಂತಿತು. ಈಗ ನಾನು ಮಾಯವ್ವನ ಜೊತೆ ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುತ್ತಿದ್ದೇನೆ. ಅವಳು, "ನಡ್ಯಾವ್ರು ಎಡವತಾರವಾ, ಕುಂತಾವ್ರು ಎಡವತಾರೇನು" ಅಂತ ಸಮಾಧಾನ ಹೇಳುತ್ತಾಳೆ. ಅವಳ ಸಮಾಧಾನದಿಂದ ಇನ್ನೂ ಅಳು ಬರುತ್ತದೆ.

ನಿಯಮ ನನಗೆ ತಿಳಿಯುತ್ತದೆ. ಬ್ರೇಕು ಕಾದು ನಡುಗುವಾಗ ಬೋಲ್ಟು ಸಡಿಲಾಗದಂತೆ ಹಿಡಿದಿರುವುದು ಆ ತಂತಿ. ಕೂಡಿಸಿದ ತಂತಿ ಜಾರುತ್ತದೆ. ನೀವೇ ಕಲಿಸಿದ್ದು. ನನಗೆ ನೋವಾದದ್ದು ಬೇರೆ. ವರದಿಗೆ ಮೊದಲು ತಪ್ಪು ಏನೆಂದು ನನಗೊಂದು ಸಾಲು ಬರೆಯಬಾರದಿತ್ತೇ? ಎಲ್ಲರೆದುರು ಹೀಗೆ ಕೇಳಿಸಿಕೊಳ್ಳುವ ಮೊದಲು ನನಗೆ ಗೊತ್ತಾಗುತ್ತಿತ್ತು.

ಸಿಟ್ಟು ಎಷ್ಟಿತ್ತು ಎಂಬುದು ನಿಮ್ಮ ಅಕ್ಷರ ನೋಡಿದಾಗಲೇ ತಿಳಿಯಿತು. ಮೊದಲು ಸಾಸಿವೆಕಾಳಿನಷ್ಟು ಸಣ್ಣಗೆ ಬರೆಯುತ್ತಿದ್ದಿರಿ. ಈಗ ಒಂದೊಂದು ಅಕ್ಷರ ಅವರೆಕಾಳಿನಷ್ಟು, ಅದೂ ಕಾಗದ ಹರಿಯುವಂತೆ ಒತ್ತಿ ಬರೆದದ್ದು, ಸಾಲುಗಳೆಲ್ಲ ಕೆಳಕ್ಕೆ ಜಾರಿವೆ. ಇಷ್ಟು ಸಿಟ್ಟಿಗೆ ನಾನು ಅರ್ಹಳೇ ಇರಬಹುದು.

ನಸೀಬಾ


ಬಹರೇನ್
೩೦ ಸೆಪ್ಟೆಂಬರ್ ೧೯೮೩

ಚಿ. ನಸೀಬಾ,

ನನಗೆ ಸಿಟ್ಟಿಲ್ಲ. ಅಕ್ಷರದ ಮಾತು ಬಿಡು.

ನಿನಗೆ ಮೊದಲೇ ಬರೆದಿದ್ದರೆ ನೀನು ಉತ್ತರ ಸಿದ್ಧ ಮಾಡಿಕೊಂಡು ನಿಲ್ಲುತ್ತಿದ್ದೆ. ಹೊಸ ತಂತಿ ತೀರಿತ್ತು ಅನ್ನುತ್ತಿದ್ದೆ, ಕತ್ತಲಾಗಿತ್ತು ಅನ್ನುತ್ತಿದ್ದೆ. ಎಲ್ಲರೂ ನಂಬುತ್ತಿದ್ದರು, ನಾನೂ ನಂಬುತ್ತಿದ್ದೆ. ನೀನು ಗೊತ್ತಿಲ್ಲ ಅಂದದ್ದೇ ಈ ವರದಿಯಿಂದ ಬಂದ ಲಾಭ. ಅಷ್ಟಕ್ಕೇ ನಿಲ್ಲಬೇಡ. ಯಾಕೆ ಎಂದು ಹುಡುಕು. ಕೈ ತಾನಾಗಿ ಮಾಡಿದ್ದನ್ನು ಕೈಗೆ ಯಾರೋ ಕಲಿಸಿರುತ್ತಾರೆ. ನಾನಂತೂ ಕಲಿಸಿಲ್ಲ. ನಿಮ್ಮ ಅಬ್ಬಾನ ಮಗ್ಗದ ಮುಂದೆ ಒಂದು ದಿನ ಸುಮ್ಮನೆ ಕೂತು ನೋಡು.

ಗನಿಯನ್ನೂ ಕೇಳು. ಅವನು ಕುರುಡನಲ್ಲ. ಅವನಿಗೆ ಹೇಗೆ ಕಾಣಲಿಲ್ಲ?

ತಮ್ಮಣ್ಣ


ವಡಗಾವಿ, ಬೆಳಗಾವಿ
೧೫ ಡಿಸೆಂಬರ್ ೧೯೮೩

ತಮ್ಮಣ್ಣ ಕಾಕಾ ಅವರಿಗೆ ಸಲಾಮುಗಳು.

ಇಷ್ಟು ದಿನ ಬರೆಯಲಿಲ್ಲ. ಎರಡು ಕಾಗದ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಸಿಟ್ಟಿತ್ತು, ಎರಡನೆಯದರಲ್ಲಿ ಬರೀ ಅಳು. ಇದರಲ್ಲಿ ಸುದ್ದಿ ಇದೆ.

ನೀವು ಹೇಳಿದಂತೆ ಒಂದು ಶುಕ್ರವಾರ ಅಬ್ಬಾನ ಮಗ್ಗದ ಪಕ್ಕ ಕೂತೆ. ಹುಟ್ಟಿದಾಗಿನಿಂದ ಆ ಮಗ್ಗದ ಸದ್ದಿನಲ್ಲೇ ಬೆಳೆದವಳು, ಅದನ್ನು ನೋಡಿದ್ದು ಅದೇ ಮೊದಲು ಅನ್ನಿ. ಎಳೆ ಕಡಿಯುತ್ತದೆ. ಅಬ್ಬಾ ಮಾತಾಡುತ್ತಲೇ ಎರಡು ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೊಸೆಯುತ್ತಾರೆ, ಮುಂದೆ ನೇಯುತ್ತಾರೆ. ಮತ್ತೆ ಕಡಿಯುತ್ತದೆ, ಮತ್ತೆ ಕೂಡುತ್ತದೆ. ಕಡಿದದ್ದೂ ಅವರಿಗೆ ಗೊತ್ತಿಲ್ಲ, ಕೂಡಿಸಿದ್ದೂ ಗೊತ್ತಿಲ್ಲ. ನಾನು ಅವರ ಕೈ ಹಿಡಿದು, "ಈಗೇನ ಮಾಡಿದ್ರಿ?" ಅಂದೆ. "ಏನ ಮಾಡಿದೆ? ನೇಯಾಕತ್ತೀನಿ" ಅಂದರು. ತೋರಿಸಿದ ಮೇಲೆ ನಕ್ಕರು. "ಗಂಟ ಇಲ್ಲದ ಸೀರಿ ಎಲ್ಲೈತಿ? ಗಂಟ ಕಾಣಬಾರ್ದು, ಅಷ್ಟ. ಕಡದ ಎಳಿ ಒಗದ ಕುಂತ್ರ ನೇಕಾರನ ಮನಿ ನಡೀತೈತೇನು?"

ಆಮೇಲೆ ಅವರೇ ಕೇಳಿದರು. "ಸೀರಿ ಗಂಟ ಬಿಚ್ಚಿದ್ರ ಒಂದ ತೂತ ಬೀಳತೈತಿ. ನಿನ್ನ ವಿಮಾನದ್ದ ಬಿಚ್ಚಿದ್ರ?"

ಹೇಳಿದೆ. ಅಬ್ಬಾ ಲಾಳಿ ಕೆಳಗಿಟ್ಟರು.

ಸೋಮವಾರ ಗನಿ ಭಾಯಿಯ ಹತ್ತಿರ ಹೋದೆ. ನಿಮ್ಮ ಪ್ರಶ್ನೆಯನ್ನೇ ಕೇಳಿದೆ. ಅವರು ತಲೆ ತಗ್ಗಿಸಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಕಂಡಿತ್ತವಾ. ಕಾಣಲಾರದ ಏನು? ಛಲೋ ಕೂಡಸ್ಯಾಳ ಹುಡುಗಿ ಅಂತ ಮನಸ್ಸಿನ್ಯಾಗ ಅಂದ್ಕೊಂಡು ಮುದ್ರಿ ಒತ್ತಿದೆ." ಅವರ ಅಪ್ಪನೂ ನೇಕಾರರೇ. ಕಾಕಾ, ತಪ್ಪು ಅವರ ಕಣ್ಣು ತಪ್ಪಿಸಿ ಹೋಗಲಿಲ್ಲ. ಒಳ್ಳೆಯ ಕೆಲಸ ಅನಿಸಿಕೊಂಡು ಅವರ ಎದುರಿಗೇ ಹೋಯಿತು.

ನಾವಿಬ್ಬರೂ ಸಾಹುಕಾರರ ಮುಂದೆ ಹೋಗಿ ಹೇಳಿದೆವು. ಶಾಪಿನಲ್ಲಿ ತಂತಿ ಕಟ್ಟುವವರು ಹೆಚ್ಚು ಕಡಿಮೆ ಎಲ್ಲರೂ ವಡಗಾವಿಯ ನೇಕಾರರ ಮನೆಯವರೇ. ಹಾಗಾದರೆ ಇನ್ನೆಷ್ಟು ಬ್ರೇಕುಗಳಲ್ಲಿ ಈ ಗಂಟು ಇದೆ? ಸಾಹುಕಾರರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು, "ಎಲ್ಲಾ ತಿರಗಿ ತರಸ್ರಿ. ಬಿಚ್ಚಿ ನೋಡೂಣು" ಅಂದರು. ನಮ್ಮ ದೇಶದೊಳಗೆ ಹೋದದ್ದನ್ನೂ ತರಿಸಿದೆವು. ಇನ್ನೂ ಕೆಲವು ಸಿಕ್ಕವು, ಬೇರೆ ಬೇರೆ ಕೈಯವು. ಯಾವುದೂ ಜಾರಿರಲಿಲ್ಲ, ದೇವರು ದೊಡ್ಡವನು. ದೆಹಲಿಗೆ, ವಿಲಾಯತಿಗೆ, ನಿಮ್ಮ ಕಂಪನಿಗೆ ಎಲ್ಲವನ್ನೂ ಬರೆದು ಕಳಿಸಿದ್ದಾರೆ. "ಶಾಪ ಮುಚ್ಚಿದ್ರ ಮುಚ್ಚಲಿ, ಮುಚ್ಚಿಟ್ಟ ನಡಸೂದಿಲ್ಲ" ಅಂತ ನಮ್ಮ ಸಾಹುಕಾರರು ಅಂದದ್ದನ್ನು ನಿಮಗೆ ತಿಳಿಸಲೇಬೇಕು ಅನಿಸಿತು.

ಈಗ ಪದ್ಧತಿ ಬದಲಾಗಿದೆ. ಒಂದು ಹಲಗೆಗೆ ಮೊಳೆ ಹೊಡೆದಿದ್ದೇವೆ. ಕಟ್ಟುವ ಮೊದಲೇ ಆ ಅಳತೆಗೆ ತಂತಿ ಕತ್ತರಿಸಿಕೊಳ್ಳಬೇಕು. ನಡುವೆ ಕಡಿದರೆ ಇಡೀ ತುಂಡನ್ನು ತೆಗೆದು ತಗಡಿನ ಡಬ್ಬಿಗೆ ಹಾಕಿ ಮೊದಲಿನಿಂದ ಕಟ್ಟಬೇಕು. ಮೊದಲ ವಾರ ಎಲ್ಲರಿಗೂ ಅನ್ನ ಚೆಲ್ಲಿದಷ್ಟು ಸಂಕಟವಾಯಿತು. ಮಾಯವ್ವ ಆ ಡಬ್ಬಿಯ ಕಡೆ ನೋಡುವುದೇ ಇಲ್ಲ.

ಇನ್ನೊಂದು ಮಾತು. ಗೌರವ್ವ ಕಾಕು ಸೀರೆಗೆ ಬಂದಿದ್ದರು. ನೀವು ಅವರಿಗೆ ಬರೆದ ಕಾಗದ ತೋರಿಸಿದರು. ನಾಲ್ಕೇ ಸಾಲು, ಅವರೆಕಾಳಿನ ಅಕ್ಷರ, ಜಾರಿದ ಸಾಲು. "ನಾ ಏನ ತಪ್ಪ ಮಾಡೇನಿ, ನನ್ನ ಮ್ಯಾಲ ಯಾಕ ಇಷ್ಟ ರಾಗ?" ಅಂದು ಕಣ್ಣಲ್ಲಿ ನೀರು ತಂದರು. ನನ್ನ ಮೇಲಿನ ಸಿಟ್ಟು ಸರಿ. ಅವರ ಮೇಲೂ ಅದೇ ಅಳತೆಯ ಸಿಟ್ಟು ಹೇಗೆ ಬರುತ್ತದೆ? ಮನೆಗೆ ಹೋಗಿ ನಿಮ್ಮ ಕಾಗದಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದೆ. ಅಕ್ಷರ ತಿಂಗಳಿಂದ ತಿಂಗಳಿಗೆ ದೊಡ್ಡದಾಗುತ್ತ ಬಂದಿದೆ. ಬ್ರೇಕು ನಿಮ್ಮ ಕೈ ಸೇರುವ ಮೊದಲೇ ಶುರುವಾಗಿದೆ.

ಕಾಕಾ, ಖರೇ ಹೇಳಿರಿ. ಅಷ್ಟು ನಯವಾಗಿ ಕೂಡಿಸಿದ್ದು ನಿಮಗೆ ಹೇಗೆ ಸಿಕ್ಕಿತು?

ನಸೀಬಾ


ಬಹರೇನ್
೨೦ ಜನವರಿ ೧೯೮೪

ಚಿ. ನಸೀಬಾಳಿಗೆ ಆಶೀರ್ವಾದಗಳು.

ಈ ಅಕ್ಷರ ನನ್ನದಲ್ಲ. ನಮ್ಮ ಗೋದಾಮಿನ ಮಹಮ್ಮದ ಬರೆಯುತ್ತಿದ್ದಾನೆ, ಭಟ್ಕಳದವನು. ನಾನು ಹೇಳುತ್ತೇನೆ, ಅವನು ಬರೆಯುತ್ತಾನೆ. ನಡುವೆ ತನ್ನದೇನೂ ಸೇರಿಸಬಾರದೆಂದು ತಾಕೀತು ಮಾಡಿದ್ದೇನೆ.

ಬೆರಳಿಗೆ ಸಿಕ್ಕಿತು.

ನಿನ್ನ ಬ್ರೇಕನ್ನು ದೀಪದ ಕೆಳಗೆ ಇಟ್ಟು ಎರಡು ಸಲ ನೋಡಿದೆ. ಕಣ್ಣು ಪಾಸು ಮಾಡಿತು. ಶಿಕ್ಕಾ ಕೈಗೆ ತೆಗೆದುಕೊಂಡಿದ್ದೆ. ಹಳೆಯ ಅಭ್ಯಾಸದಿಂದ ಒಮ್ಮೆ ತಂತಿಯ ಮೇಲೆ ಹೆಬ್ಬೆರಳು ಎಳೆದೆ, ಒಂದು ಕಡೆ ತುಸು ದಪ್ಪ ಹತ್ತಿತು. ಮತ್ತೆ ಭೂತಗನ್ನಡಿ ಹಿಡಿದು ನೋಡಿದೆ. ಗಂಟು ಅಲ್ಲೇ ಇದೆಯೆಂದು ಬೆರಳು ಹೇಳುತ್ತಿದೆ, ಕಣ್ಣು ಇಲ್ಲ ಅನ್ನುತ್ತಿದೆ. ಕಣ್ಣು ಮಂಜಾಗುತ್ತಿದೆ ಎಂಬುದು ಕೆಲವು ತಿಂಗಳಿಂದ ಗೊತ್ತಿತ್ತು. ಬಿಸಿಲು ಅಂದುಕೊಂಡೆ, ಚಾಳೀಸು ಬದಲಿಸಿದೆ. ನಾವು ಬೇರೆಯವರ ಕೆಲಸ ನೋಡುವಷ್ಟು ಬಿಗಿಯಾಗಿ ನಮ್ಮನ್ನು ನೋಡಿಕೊಳ್ಳುವುದಿಲ್ಲ.

ಆ ದಿನ ಎರಡು ವರದಿ ಕೊಟ್ಟೆ. ಒಂದು ನಿನ್ನ ಬ್ರೇಕಿನದು, ಇನ್ನೊಂದು ನನ್ನದು. ಶಿಕ್ಕಾವನ್ನು ಸಾಹೇಬರ ಮೇಜಿನ ಮೇಲಿಟ್ಟು, ನನ್ನ ಕಣ್ಣು ತೋರಿಸಬೇಕು, ಅಲ್ಲಿಯವರೆಗೆ ನಾನು ನೋಡಿದ್ದನ್ನೆಲ್ಲ ಇನ್ನೊಬ್ಬರು ನೋಡಲಿ ಎಂದು ಹೇಳಿದೆ. ಡಾಕ್ಟರು ಕಾಚಬಿಂದು, ಗ್ಲಾಕೋಮಾ ಅಂದರು. ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದನ್ನು ಔಷಧ ಹಾಕಿ ಕಾಯಬೇಕು. ಇಷ್ಟು ದಿನ ನನ್ನನ್ನು ಗೋದಾಮಿನಲ್ಲಿ ಇಟ್ಟುಕೊಂಡಿದ್ದರು, ಒಳ್ಳೆಯ ಜನ.

ಗೌರವ್ವನಿಗೆ ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನಿದ್ದೆ. ನಿನಗೆ ಹೇಳದ್ದಕ್ಕೆ ಕಾರಣ ಬೇರೆ. ನೀನು ತಪ್ಪಿನ ಮೂಲ ಹುಡುಕುತ್ತಿದ್ದೆ. ನನ್ನ ಕಣ್ಣಿನ ಕಥೆ ಹೇಳಿದ್ದರೆ ಕನಿಕರದಲ್ಲಿ ಅದನ್ನು ಬಿಟ್ಟುಬಿಡುತ್ತಿದ್ದೆ. ಈಗ ನೋಡು, ಹುಡುಕಿದೆ. ನಿನ್ನ ಕಾಗದವನ್ನು ಮಹಮ್ಮದನಿಂದ ಮೂರು ಸಲ ಓದಿಸಿ ಕೇಳಿದೆ. ಗನಿಯ ಮಾತು ಬಂದಾಗ ಎದ್ದು ನಿಂತೆ. ಇಷ್ಟು ವರ್ಷ ತಪಾಸಣೆ ಮಾಡಿದೆ, ತಪ್ಪು ಒಳ್ಳೆಯ ಕೆಲಸದ ವೇಷದಲ್ಲಿ ಬರುತ್ತದೆ ಎಂಬುದನ್ನು ಒಬ್ಬರೂ ನನಗೆ ಹೇಳಿರಲಿಲ್ಲ.

ಯುಗಾದಿಗೆ ಖಾನಾಪುರಕ್ಕೆ ಬರುತ್ತೇನೆ. ನನ್ನ ಕೆಲಸ ಮುಗಿಯಿತು. ನಿನ್ನದು ನಿಲ್ಲಬಾರದು.

ತಮ್ಮಣ್ಣ

ಬರೆದವನ ಮಾತು: ಅಕ್ಕಾ, ಸೇರಿಸಬೇಡ ಅಂದಿದ್ದಾರೆ, ಆದರೂ ಸೇರಿಸುತ್ತೇನೆ. ಕಾಕಾ ಗೋದಾಮಿನಲ್ಲಿ ಎಲ್ಲರಿಗೂ ಬೈಯುತ್ತಾರೆ. ಅವರು ಹೋಗುತ್ತಾರೆಂದು ಎಲ್ಲರೂ ಬೇಜಾರಿನಲ್ಲಿದ್ದೇವೆ. ಮಹಮ್ಮದ.


ವಡಗಾವಿ, ಬೆಳಗಾವಿ
೯ ಆಗಸ್ಟ್ ೧೯೮೪

ಖಾನಾಪುರದಲ್ಲಿರುವ ತಮ್ಮಣ್ಣ ಕಾಕಾ ಅವರಿಗೆ ಸಲಾಮುಗಳು.

ಒಂದು ಗಾಡಿಯ ದಾರಿಗೆ ಕಾಗದ ಯಾಕೆ ಎಂದು ಕೇಳುತ್ತೀರಿ. ಯುಗಾದಿ ಆದ ಮೇಲೆ ಎರಡು ಸಲ ಬಂದೆ. ಶಾಪಿನ ಮಾತು ತೆಗೆದರೆ ನೀವು ಎಮ್ಮೆಯ ಮಾತು ತೆಗೆಯುತ್ತೀರಿ. "ಮುಗೀತವಾ, ಇನ್ನ ನೀವುಂಟು ನಿಮ್ಮ ತಂತಿ ಉಂಟು" ಅಂದು ಹಿತ್ತಲಿಗೆ ಎದ್ದು ಹೋಗುತ್ತೀರಿ. ಕಾಗದಕ್ಕಾದರೆ ಎದ್ದು ಹೋಗಲು ಆಗುವುದಿಲ್ಲ. ಗೌರವ್ವ ಕಾಕು ಬಾಗಿಲಿಗೆ ಅಡ್ಡ ಕೂತು ಇದನ್ನು ಓದುತ್ತಾರೆ, ಹಾಗೆಂದು ಒಪ್ಪಂದವಾಗಿದೆ.

ವಿಲಾಯತಿಯ ಸಾಹೇಬರು ಬಂದಿದ್ದರು.

ನಾವು ಹಲಗೆ ಮೊಳೆ ಎಲ್ಲ ಒರೆಸಿ, ಮಾಯವ್ವನಿಗೆ ಹೊಸ ಏಪ್ರನ್ ಹಾಕಿಸಿ ಮದುವೆ ಮನೆಯ ಹಾಗೆ ನಿಂತಿದ್ದೆವು. ಅವರು ಅದಾವುದನ್ನೂ ನೋಡಲಿಲ್ಲ. ಗಂಟು ಎಲ್ಲಿಂದ ಬಂತೆಂದು ಹುಡುಕಿದವರು ಯಾರು ಎಂದು ಕೇಳಿದರು. ಸಾಹುಕಾರರು ನನ್ನನ್ನು ಮುಂದೆ ತಳ್ಳಿದರು. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯಿತು, ಉಳಿದರ್ಧ ಸಾಹುಕಾರರು ಹೇಳಿದರು. ತಪ್ಪು ಆಗದ ಶಾಪನ್ನು ತಾನು ಈವರೆಗೆ ನೋಡಿಲ್ಲ, ಆದ ತಪ್ಪಿಗೆ ಶಾಪು ಏನು ಮಾಡುತ್ತದೆ ಎಂದು ನೋಡಲು ಬ್ಯಾಗು ಹಿಡಿದು ಊರೂರು ತಿರುಗುತ್ತೇನೆ ಅಂದರು. ಆಮೇಲೆ, ಒಂದು ಬ್ರೇಕು ಕಟ್ಟು ಅಂದರು.

ಎಲ್ಲರೂ ಸುತ್ತ ನಿಂತರು. ಕಟ್ಟಿದೆ. ಅವಸರಕ್ಕೆ ಹೊಸೆತ ಬಿಗಿಯಾಯಿತು, ಕೊನೆಯ ಬೋಲ್ಟಿನ ಹತ್ತಿರ ತಂತಿ ಕಡಿಯಿತು. ಇನ್ನೊಂದು ಗೇಣು ಉಳಿದಿತ್ತು ಅಷ್ಟೇ. ಕಾಕಾ, ನನ್ನ ಹೆಬ್ಬೆರಳು ತೋರುಬೆರಳು ತಾವಾಗಿ ಆ ಎರಡು ತುದಿಗಳನ್ನು ಹಿಡಿದವು. ನಾನು ಹಿಡಿಯಲಿಲ್ಲ, ಅವು ಹಿಡಿದವು. ಅಬ್ಬಾನ ಕೈ ಕಣ್ಣ ಮುಂದೆ ಬಂತು. ಬೆರಳು ಬಿಡಿಸಿದೆ. ಮೊದಲ ಬೋಲ್ಟಿನವರೆಗೆ ಇಡೀ ತಂತಿ ಕತ್ತರಿಸಿ ತೆಗೆದೆ. ಡಬ್ಬಿಗೆ ಹಾಕಿದೆ. ಹಲಗೆಯ ಮೇಲೆ ಅಳೆದು ಹೊಸದು ಕತ್ತರಿಸಿ ಮೊದಲಿನಿಂದ ಕಟ್ಟಿದೆ. ಈ ಸಲ ತಂತಿ ಕಡಿಯಲಿಲ್ಲ.

ಸಾಹೇಬರು ಏನೋ ಬರೆದುಕೊಂಡರು. ಚಹಾ ಕುಡಿಯುವಾಗ ಮಾಯವ್ವನ ಚಹಾ ಚೆನ್ನಾಗಿದೆ ಅಂದರು, ಅಷ್ಟೇ. ಕಳೆದ ವಾರ ಒಪ್ಪಿಗೆಯ ಕಾಗದ ಬಂತು. ಬೆಳಗಾವಿಯ ಚೀಟಿ ಇನ್ನು ಸಮುದ್ರ ದಾಟಿಯೂ ನಡೆಯುತ್ತದೆ. ಸಾಹುಕಾರರು ಪೇಢೆ ಹಂಚಿದರು. ಅಬ್ಬಾ ಈ ಸಲ ಓಣಿಯಲ್ಲಿ ಏನು ಹೇಳಿದ್ದಾರೋ ನಾನು ಕೇಳಲು ಹೋಗಿಲ್ಲ.

ಶಿಕ್ಕಾಗೆ ಮೊದಲು ಕಣ್ಣಿನ ಪರೀಕ್ಷೆ ಆಗಬೇಕಿತ್ತು. ನೆಹರು ನಗರದ ಮೆಡಿಕಲ್ ಕಾಲೇಜಿಗೆ ಹೋದೆ. ಕೊನೆಯ ಸಾಲಿನ ಸಣ್ಣ ಅಕ್ಷರವನ್ನೂ ಓದಿದೆ. ಡಾಕ್ಟರು ಶಹಬ್ಬಾಸ್ ಅಂದಾಗ ನನಗೆ ಅಳು ಬಂತು. ನೀವು ನನ್ನ ಕಾಗದವನ್ನು ಇನ್ನೊಬ್ಬರಿಂದ ಓದಿಸಿ ಕೇಳುತ್ತೀರಿ ಎಂಬುದು ನೆನಪಾಗಿತ್ತು.

ನಿಮ್ಮ ಹಳೆಯ ನಾಲ್ಕನೇ ನಂಬರು ನನಗೆ ಕೊಡಿ ಎಂದು ಕೇಳಿದೆ. ಕೊಡಲಿಲ್ಲ. ಒಬ್ಬರ ನಂಬರು ಇನ್ನೊಬ್ಬರಿಗೆ ಹೋದರೆ ನಾಳೆ ಯಾರು ನೋಡಿದ್ದು ಎಂದು ಹೇಗೆ ತಿಳಿಯಬೇಕು, ಇದೂ ನಿಮ್ಮ ಶಿಷ್ಯೆ ಕೇಳುವ ಮಾತೇ ಎಂದು ಗನಿ ಭಾಯಿ ಬೈದರು. ನನಗೆ ಬಂದದ್ದು ಬೇರೆ ನಂಬರು. ಯಾವುದು ಎಂದು ಬರೆಯುವುದಿಲ್ಲ. ಈ ಲಕೋಟೆಯಲ್ಲಿ ಒಂದು ತುಂಡು ತಂತಿ ಹೊಸೆದು, ತುದಿಗೆ ಸೀಸ ಹಾಕಿ ನನ್ನ ಮುದ್ರೆ ಒತ್ತಿ ಇಟ್ಟಿದ್ದೇನೆ. ಕಾಕು ಹೇಳಬಾರದು. ನೀವೇ ಓದಿಕೊಳ್ಳಿ.

ಕೊನೆಯ ಮಾತು, ಸಾಹುಕಾರರದು. ಹೊಸದಾಗಿ ಸೇರಿದವರೆಲ್ಲ ಕಣ್ಣಿನಿಂದ ನೋಡಿ ಮುಗಿಸುತ್ತಾರೆ, ಬೆರಳಿನಿಂದ ನೋಡುವುದನ್ನು ಕಲಿಸುವವರು ಯಾರೂ ಇಲ್ಲ. ವಾರಕ್ಕೊಂದು ದಿನ ನೀವು ಬರಬೇಕು. ಸಹಿ ಇಲ್ಲ, ಮುದ್ರೆ ಇಲ್ಲ, ಅದು ನಿಯಮಕ್ಕೆ ಬರುವುದಿಲ್ಲ. ಕಲಿಸುವುದಕ್ಕೆ ಮಾತ್ರ. "ಕಣ್ಣ ಹ್ವಾದ್ವು ಅಂತ ಕುಂತಾನು. ಕಣ್ಣ ಇದ್ದಾಗ ಅಂವ ಬೆರಳಿಂದನ ಹಿಡೀತಿದ್ದ ಅನ್ನೂದ ಅವಗ ಗೊತ್ತಿಲ್ಲೇನು" ಅಂದರು. ನಾನು ಅಂದದ್ದಲ್ಲ, ಅವರು ಅಂದದ್ದು. ಆದರೆ ನಾನೂ ಅದನ್ನೇ ಅನ್ನುತ್ತೇನೆ.

ನಸೀಬಾ


ಖಾನಾಪುರ
೧೭ ಆಗಸ್ಟ್ ೧೯೮೪

ಚಿ. ನಸೀಬಾಳಿಗೆ ಆಶೀರ್ವಾದಗಳು. ಗೌರವ್ವ ಬರೆಯುತ್ತಿದ್ದಾಳೆ.

ತಂತಿ ತಲುಪಿತು. ಹೊಸೆತ ಒಂದೇ ಸಮ ಇದೆ. ಸೀಸ ಗಟ್ಟಿಯಾಗಿ ಕೂತಿದೆ. ಗಂಟು ಇಲ್ಲ, ಎರಡು ಸಲ ನೋಡಿದೆ. ನಂಬರು ಒಂಬತ್ತು. ಮೊದಲು ಆರು ಅನಿಸಿತು. ತಂತಿ ಯಾವ ಕಡೆಯಿಂದ ಬಂದಿದೆ ಎಂದು ಹಿಡಿದು ನೋಡಿ ಒಂಬತ್ತು ಅಂದೆ. ಗೌರವ್ವ ಹೌದು ಅಂದಳು.

ಗನಿ ಸರಿಯಾಗಿ ಬೈದಿದ್ದಾನೆ. ನಾಲ್ಕು ನನ್ನದು, ಅದು ನನ್ನ ತಪ್ಪುಗಳಿಗೂ ನನ್ನ ಹೆಸರಿಗೂ ಸೇರಿದ್ದು. ಒಂಬತ್ತು ನಿನ್ನದು.

ಆದರೆ ತಂತಿಯ ತುದಿಯನ್ನು ನೀನು ಒಳಗೆ ಮಡಚಿಲ್ಲ. ಚೂಪಾಗಿ ಹೊರಗೆ ನಿಂತಿದೆ, ನನ್ನ ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂತು. ನಾಳೆ ಯಾರೋ ಬ್ರೇಕು ಬಿಚ್ಚುವವನ ಕೈಗೆ ಇದು ಚುಚ್ಚುತ್ತದೆ. ಸಂಭ್ರಮದಲ್ಲಿ ಕಟ್ಟಿದ್ದೀ, ಅದಕ್ಕೇ ಹೀಗಾಗಿದೆ. ನಾಪಾಸು ಮಾಡಿದ್ದೇನೆ. ತಿರುಗಿ ಕಳಿಸುತ್ತಿದ್ದೇನೆ, ಮತ್ತೆ ಕಟ್ಟಬೇಕು. ಬುಧವಾರ ಬೆಳಗಿನ ಗಾಡಿಗೆ ಬರುತ್ತೇನೆ, ನನ್ನೆದುರಿಗೇ ಕಟ್ಟು. ಹೊಸ ಹುಡುಗರನ್ನೂ ಕೂಡಿಸಿರು. ಎಲ್ಲರೂ ಕೈ ತೊಳೆದುಕೊಂಡಿರಲಿ.

ತಮ್ಮಣ್ಣ

ನಸೀಬಾ, ಇದು ನಿನ್ನ ಕಾಕು ಬರಿಯೂದು. ತಿರಗಿ ಕಳಸೂದು ಅಂತ ಹೇಳಿ ಬರಸ್ಯಾರ. ಕೆಂಪ ಚೀಟಿ ಬೇಕು ಅಂದ್ರು, ನಾ ಹಳೇ ಸೀರಿ ಸೆರಗಿನ ಕೆಂಪ ದಾರ ಕಟ್ಟಿ ಕೊಟ್ಟೆ. ತಂತಿ ಲಕೋಟಿಗೆ ಹಾಕ್ತೀನಿ ಕೊಡ್ರಿ ಅಂದ್ರ ಕೊಡವಲ್ಲರು. ಅಂಗಿ ಕಿಸೇದಾಗ ಇಟಗೊಂಡು ಮುಂಜಾನಿಂದ ಹೆಬ್ಬಟ್ಟಿಲೇ ತಿಕ್ಕಾಕತ್ಯಾರ.